ತಲೆ ಎತ್ತಿದರೆ ಕಾಲು ಮುಳುಗುತ್ತದೆ

ನಮ್ಮ ಊರುಗಳಲ್ಲಿ ಬಾವಿಯಲ್ಲಿ ಈಜು ಕಲಿತವರನ್ನು ನೀವು ನೋಡಿರುತ್ತೀರಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತವರು ಮುಖಕ್ಕೆ ನೀರು ತಾಗದಂತೆ ಕತ್ತು ಎತ್ತಿಯೇ ಈಜುತ್ತಾರೆ. ಬಾವಿಗೆ ಅಷ್ಟು ಸಾಕು, ಹತ್ತು ಸಲ ಕೈ ಬೀಸಿದರೆ ಮೆಟ್ಟಿಲು ಸಿಗುತ್ತದೆ. ಕೊಳದ 25 ಮೀಟರು ಮಾತ್ರ ಬೇರೆ ಮಾತು.

ನಾನೀಗ ಇರುವುದು ವಡೋದರಾದ ಗೋರ್ವಾದಲ್ಲಿ. ಪಟ್ಟಣದ ನಡುವೆ ವಿಶ್ವಾಮಿತ್ರಿ ನದಿ ಹರಿಯುತ್ತದೆ, ಆದರೆ ಅದರ ತುಂಬ ಮೊಸಳೆ. 2024ರ ಆಗಸ್ಟ್ ಪ್ರವಾಹದಲ್ಲಿ ಅವು ಬೀದಿಗೇ ಬಂದಿದ್ದವು! ಹಾಗಾಗಿ ಇಲ್ಲಿ ಈಜಬೇಕೆಂದರೆ ಕೊಳವೇ ಗತಿ. ರಜೆಗೆ ಊರಿನಿಂದ ಬಂದ ಚಿಕ್ಕಪ್ಪನ ಮಗನಿಗೆ ಫ್ರೀಸ್ಟೈಲ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಹನ್ನೊಂದು ವರ್ಷದ ಹುಡುಗ, ಬಾವಿ ಈಜಿನಲ್ಲಿ ಗಟ್ಟಿಗ. ಇಲ್ಲಿ ಅರ್ಧ ಕೊಳ ದಾಟುವುದರೊಳಗೆ ಏದುಸಿರು. "ಅಣ್ಣಾ, ಯಾರೋ ಕಾಲು ಹಿಡದು ಜಗ್ಗಿದಂಗ ಆಗತೈತಿ" ಅಂದ.

ಜಗ್ಗುತ್ತಿದ್ದದ್ದು ಅವನ ತಲೆಯೇ. ದೊಡ್ಡವರ ತಲೆ ನಾಲ್ಕೈದು ಕಿಲೋ ತೂಗುತ್ತದೆ. ನೀರಿನಲ್ಲಿದ್ದರೆ ಆ ಭಾರವನ್ನು ನೀರು ಹೊರುತ್ತದೆ, ಮೇಲೆತ್ತಿದರೆ ನಾವೇ ಹೊರಬೇಕು. ಗಾಳಿ ತುಂಬಿದ ಎದೆ ತೇಲುತ್ತದೆ, ಸೊಂಟ ಕಾಲು ಭಾರ. ಎದೆಯನ್ನು ತಕ್ಕಡಿಯ ನಡುಮುಳ್ಳು ಅಂದುಕೊಳ್ಳಿ. ತಲೆಯ ಕಡೆ ಎದ್ದರೆ ಕಾಲಿನ ಕಡೆ ಇಳಿಯಲೇಬೇಕು. ಆಮೇಲೆ ಓರೆಯಾದ ಮೈ ನೀರನ್ನು ಸೀಳುವುದಿಲ್ಲ, ತಳ್ಳುತ್ತದೆ. ಬಲವೆಲ್ಲ ಅಲ್ಲೇ ಖರ್ಚು.

1922ರಲ್ಲಿ 100 ಮೀಟರನ್ನು ಮೊಟ್ಟಮೊದಲು ಒಂದು ನಿಮಿಷದೊಳಗೆ ಈಜಿದ, ಮುಂದೆ ಸಿನಿಮಾದ ಟಾರ್ಜನ್ ಆದ ಜಾನಿ ವೈಸ್‌ಮುಲ್ಲರ್ ತಲೆ ಎತ್ತಿಯೇ ಈಜುತ್ತಿದ್ದನಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅವನ ಕಾಲುಬಡಿತ ನಮಗೆಲ್ಲಿಂದ ಬರಬೇಕು?

ಕೊಳದ ದಂಡೆಯಲ್ಲಿ ನಿಂತವರೆಲ್ಲ "ತಲೆ ತಗ್ಗಿಸು" ಅಂತ ಕೂಗುತ್ತಾರೆ. ಹುಡುಗನಿಗೂ ಅದು ಗೊತ್ತು, ಕತ್ತು ಕೇಳುವುದಿಲ್ಲ ಅಷ್ಟೆ. ಯಾಕೆಂದರೆ ಅವನು ನೀರಿನಲ್ಲಿ ಉಸಿರು ಬಿಗಿಹಿಡಿದು, ಮೇಲೆ ಬಂದಾಗಲೇ ಬಿಡುವುದೂ ಎಳೆಯುವುದೂ ಎರಡನ್ನೂ ಮಾಡಬೇಕು. ಅದಕ್ಕೆ ಹೊತ್ತು ಸಾಲದು, ಹೆದರಿಕೆಗೆ ತಲೆ ತಾನೇ ಏಳುತ್ತದೆ. ನಾನು ಕಾಮರ್ಸಿನವನು, ನನಗೆ ಇದು ಹೀಗೆ ಕಾಣುತ್ತದೆ: ಉಸಿರು ಮೊದಲು ಖರ್ಚಾಗಬೇಕು, ಆಮೇಲೆ ಜಮಾ.

ಅದಕ್ಕೇ ನಾಲ್ಕು ದಿನ ಅವನನ್ನು ಈಜಲು ಬಿಡಲಿಲ್ಲ. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು, ಮುಖ ಮುಳುಗಿಸಿ, ಗುಳುಗುಳು ಗುಳ್ಳೆ ಬಿಡುವುದಷ್ಟೇ. ಐದನೆಯ ದಿನ ಗೋಡೆ ಒದ್ದು ಕೈ ಚಾಚಿ ತೇಲುವುದು. ಕಣ್ಣು ತಳದ ಕಡೆಗೆ, ಕತ್ತು ನೆಟ್ಟಗೆ ನಿಂತಾಗ ಇರುವ ಹಾಗೆಯೇ. ಗದ್ದ ಎದೆಗೆ ಒತ್ತುವುದೂ ಬೇಡ. ಕಾಲು ತಾನಾಗಿ ಮೇಲೆ ಬಂದದ್ದು ನೋಡಿ ಅವನಿಗೇ ಆಶ್ಚರ್ಯ.

ಉಸಿರು ಎಳೆಯುವಾಗ ತಲೆ ಎತ್ತುವುದಲ್ಲ, ಮೈಯ ಜೊತೆ ಪಕ್ಕಕ್ಕೆ ಹೊರಳಿಸುವುದು. ಮುಂದೆ ಸಾಗುವ ತಲೆ ನೀರನ್ನು ತಳ್ಳಿ ಕೆನ್ನೆಯ ಪಕ್ಕ ಒಂದು ತಗ್ಗು ಮಾಡುತ್ತದೆ. ಬಾಯಿಗೆ ಗಾಳಿ ಸಿಗುವುದು ಅಲ್ಲಿ. ಕನ್ನಡಕದ ಒಂದು ಗಾಜು ನೀರಿನಲ್ಲೇ ಉಳಿದರೆ ಲೆಕ್ಕ ಸರಿ.

ಗೋಡೆ ಹತ್ತಿರ ಬಂತೆಂದರೆ ಹುಡುಗ ಇನ್ನೂ ಕತ್ತೆತ್ತಿ ನೋಡುತ್ತಾನೆ. ತಳದ ಕಪ್ಪು ಪಟ್ಟಿ ಗೋಡೆಗೆ ಮುಂಚೆ ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ಮುಗಿಯುತ್ತದೆ, ಅದನ್ನು ನೋಡಿ ಕೈ ಚಾಚು ಅಂತ ಈಗ ಹೇಳಿಕೊಡುತ್ತಿದ್ದೇನೆ.