ಮರದ ಬೋರೇಟ್ ಸಂರಕ್ಷಣೆ

ಮರದ ಬೋರೇಟ್ ಸಂರಕ್ಷಣೆ ಎಂಬುದು ಬೋರಾನ್ ಧಾತುವಿನ ಸಂಯುಕ್ತಗಳನ್ನು ನೀರಿನಲ್ಲಿ ಕರಗಿಸಿ ಮರದೊಳಕ್ಕೆ ಸೇರಿಸುವ ಮೂಲಕ ಗೆದ್ದಲು, ಕುಟ್ಟೆಹುಳು ಮತ್ತು ಮರವನ್ನು ಕೊಳೆಸುವ ಶಿಲೀಂಧ್ರಗಳಿಂದ ಅದನ್ನು ಕಾಪಾಡುವ ವಿಧಾನವಾಗಿದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಲವಣಗಳು ಆವಿಯಾಗಿ ಹೋಗುವುದಿಲ್ಲ, ಕಬ್ಬಿಣದ ಮೊಳೆಗಳಿಗೆ ತುಕ್ಕು ಹಿಡಿಸುವುದಿಲ್ಲ. ಸಂಸ್ಕರಿಸಿದ ಮರವು ಒಣಗಿದ ಬಳಿಕ ಅದಕ್ಕೆ ಬಣ್ಣ ಅಥವಾ ವಾರ್ನಿಷ್ ಬಳಿಯಬಹುದು. ನೀರಿನಲ್ಲಿ ಕರಗುವ ಗುಣದಿಂದಲೇ ಬೋರೇಟ್ ಮರದ ಆಳಕ್ಕೆ ಇಳಿಯುತ್ತದೆ. ಅದೇ ಗುಣದಿಂದ ಮಳೆಗೆ ಒಡ್ಡಿದ ಮರದಿಂದ ತೊಳೆದು ಹೊರಹೋಗುತ್ತದೆ. ಆದ್ದರಿಂದ ಈ ವಿಧಾನವು ಸೂರಿನ ಕೆಳಗಿರುವ, ನೆಲಕ್ಕೆ ತಾಗದ ಮರಗಳಿಗೆ ಮಾತ್ರ ಸೂಕ್ತವಾಗಿದೆ.

ಬಳಕೆಯಲ್ಲಿರುವ ಬೋರೇಟ್‌ಗಳು

ಮರದ ಸಂರಕ್ಷಣೆಗೆ ಮುಖ್ಯವಾಗಿ ಮೂರು ಸಂಯುಕ್ತಗಳನ್ನು ಬಳಸಲಾಗುತ್ತದೆ.

ಬೋರಾಕ್ಸ್: ಇದು ಸೋಡಿಯಂ ಟೆಟ್ರಾಬೋರೇಟ್. ಕನ್ನಡದಲ್ಲಿ ಇದಕ್ಕೆ ಬಿಳಿಗಾರ ಎಂದೂ ಸಂಸ್ಕೃತದಲ್ಲಿ ಟಂಕಣ ಎಂದೂ ಹೆಸರಿದೆ. ಅಕ್ಕಸಾಲಿಗರು ಚಿನ್ನ, ಬೆಳ್ಳಿಗಳ ಬೆಸುಗೆಯಲ್ಲಿ ಇದನ್ನು ಬಹುಕಾಲದಿಂದ ಬಳಸುತ್ತಾ ಬಂದಿದ್ದಾರೆ. ಹಿಂದೆ ಲಡಾಖ್‌ನ ಪುಗಾ ಕಣಿವೆ ಹಾಗೂ ಟಿಬೆಟ್ಟಿನಿಂದ ಬಿಳಿಗಾರವು ಭಾರತದ ಪೇಟೆಗಳಿಗೆ ಬರುತ್ತಿತ್ತು. ಇಂದು ಜಗತ್ತಿನ ಅತಿ ದೊಡ್ಡ ಬೋರಾನ್ ನಿಕ್ಷೇಪಗಳು ಟರ್ಕಿಯಲ್ಲಿವೆ.

ಬೋರಿಕ್ ಆಮ್ಲ: ಬೋರಾಕ್ಸನ್ನು ಪ್ರಬಲ ಆಮ್ಲದೊಂದಿಗೆ ವರ್ತಿಸುವಂತೆ ಮಾಡಿ ಪಡೆಯುವ ದುರ್ಬಲ ಆಮ್ಲ. ಕೇರಂ ಹಲಗೆಯ ಮೇಲೆ ಉದುರಿಸುವ ಬಿಳಿ ಪುಡಿಯಾಗಿ ಇದು ಹಲವರಿಗೆ ಪರಿಚಿತ.

ಡೈಸೋಡಿಯಂ ಆಕ್ಟಾಬೋರೇಟ್ ಟೆಟ್ರಾಹೈಡ್ರೇಟ್: ಮರದ ಸಂರಕ್ಷಣೆಗಾಗಿ ಕಾರ್ಖಾನೆಗಳಲ್ಲಿ ತಯಾರಾಗುವ ಪುಡಿ. ಇದನ್ನು ಮುಂದೆ ಆಕ್ಟಾಬೋರೇಟ್ ಎಂದು ಕರೆಯಲಾಗಿದೆ.

ಬೋರಾಕ್ಸ್ ಮತ್ತು ಬೋರಿಕ್ ಆಮ್ಲಗಳನ್ನು ಬೇರೆಬೇರೆಯಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿಗೆ ಹಾಕಿದರೆ ಪ್ರತಿಯೊಂದೂ ಸುಮಾರು 5% ಮಾತ್ರ ಕರಗುತ್ತದೆ. ಎರಡನ್ನೂ ಕೂಡಿಸಿದಾಗ ದ್ರಾವಣದಲ್ಲಿ ದೊಡ್ಡ ಬೋರೇಟ್ ಅಯಾನುಗಳು ಉಂಟಾಗಿ ಒಟ್ಟು ಕರಗುವಿಕೆ ಹೆಚ್ಚುತ್ತದೆ. ತೂಕದಲ್ಲಿ ಸುಮಾರು 3 ಪಾಲು ಬೋರಾಕ್ಸ್‌ಗೆ 2 ಪಾಲು ಬೋರಿಕ್ ಆಮ್ಲ ಬೆರೆಸಿದರೆ, ಸೋಡಿಯಂ ಮತ್ತು ಬೋರಾನ್‌ಗಳ ಪ್ರಮಾಣವು ಆಕ್ಟಾಬೋರೇಟಿನಲ್ಲಿರುವಷ್ಟೇ ಆಗುತ್ತದೆ. ಎರಡು ಅಗ್ಗದ ಪುಡಿಗಳಿಂದ ಪರಿಣಾಮಕಾರಿ ದ್ರಾವಣವನ್ನು ತಯಾರಿಸಲು ಸಾಧ್ಯವಾಗುವುದು ಇದರಿಂದಲೇ.

ಮರದ ಶತ್ರುಗಳು

ಗೆದ್ದಲು: ಕರಾವಳಿ ಮತ್ತು ಮಲೆನಾಡಿನಲ್ಲಿ ಒರಲೆ ಎಂದು ಕರೆಯಲಾಗುವ ಈ ಕೀಟಗಳಲ್ಲಿ ಎರಡು ಬಗೆಗಳು ಮನೆಗಳಿಗೆ ಹಾನಿ ಮಾಡುತ್ತವೆ. ನೆಲದ ಗೆದ್ದಲು ಮಣ್ಣಿನಲ್ಲಿ ಗೂಡು ಮಾಡಿ, ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಮರವನ್ನು ತಲುಪುತ್ತದೆ. ಒಣಮರದ ಗೆದ್ದಲು ಮಣ್ಣಿನ ಸಂಪರ್ಕವಿಲ್ಲದೆ ಮರದೊಳಗೇ ಬದುಕುತ್ತದೆ; ಅದು ಹೊರಹಾಕುವ, ಆರು ಮುಖಗಳುಳ್ಳ ಸಣ್ಣ ಕಾಳುಗಳಂತಹ ಹಿಕ್ಕೆಯಿಂದ ಅದನ್ನು ಗುರುತಿಸಬಹುದು.

ಕುಟ್ಟೆಹುಳು: ಇವು ಮರ ಕೊರೆಯುವ ಜೀರುಂಡೆಗಳ ಮರಿಹುಳುಗಳು. ಲಿಕ್ಟಸ್ ಜಾತಿಯವು ಪಿಷ್ಟ ಹೆಚ್ಚಿರುವ ಬಿಳಿಮರವನ್ನು, ಅಂದರೆ ಚೇಗಿನ ಸುತ್ತಲಿನ ಭಾಗವನ್ನು ತಿನ್ನುತ್ತವೆ. ಡೈನೋಡೆರಸ್ ಜಾತಿಯವು ಬಿದಿರಿಗೆ ಬೀಳುತ್ತವೆ. ಸಣ್ಣ ದುಂಡು ರಂಧ್ರಗಳೂ ಅವುಗಳಿಂದ ಉದುರುವ ನುಣುಪಾದ ಹುಡಿಯೂ ಇವುಗಳ ಗುರುತು.

ಶಿಲೀಂಧ್ರಗಳು: ಮರ ಲಡ್ಡಾಗುವುದಕ್ಕೆ ಕಾರಣ ಶಿಲೀಂಧ್ರಗಳು. ಕಂದು ಕೊಳೆತದಲ್ಲಿ ಮರವು ಚೌಕಚೌಕವಾಗಿ ಬಿರಿದು ಪುಡಿಯಾಗುತ್ತದೆ. ಬಿಳಿ ಕೊಳೆತದಲ್ಲಿ ಬಣ್ಣಗೆಟ್ಟು ನಾರುನಾರಾಗುತ್ತದೆ. ಮರದ ತೇವಾಂಶವು 20% ಕ್ಕಿಂತ ಕಡಿಮೆಯಿದ್ದರೆ ಇವು ಬೆಳೆಯಲಾರವು. ತೇವಾಂಶ ಸುಮಾರು 30% ದಾಟಿದಾಗ ಕೊಳೆತವು ವೇಗವಾಗಿ ಹರಡುತ್ತದೆ.

ತೇಗದಂತಹ ಮರಗಳ ಚೇಗು ತನ್ನಲ್ಲಿರುವ ರಾಸಾಯನಿಕಗಳಿಂದ ಇವನ್ನು ಸಹಜವಾಗಿ ತಡೆಯುತ್ತದೆ. ಆದರೆ ತೇಗದ ಬಿಳಿಮರಕ್ಕೂ, ಮಾವು, ರಬ್ಬರ್, ಸಿಲ್ವರ್ ಓಕ್ ಮುಂತಾದ ಮರಗಳಿಗೂ ಆ ಶಕ್ತಿ ಇಲ್ಲ. ಬೋರೇಟ್ ಸಂಸ್ಕರಣೆಯ ಅಗತ್ಯ ಹೆಚ್ಚಾಗಿರುವುದು ಇಂತಹ ಮರಗಳಿಗೆ ಮತ್ತು ಬಿದಿರಿಗೆ.

ಕಾರ್ಯವಿಧಾನ

ಬೋರೇಟ್ ಅಯಾನುಗಳು ಜೀವಕೋಶಗಳಲ್ಲಿ ಶಕ್ತಿಯ ಬಿಡುಗಡೆಗೆ ಅಗತ್ಯವಾದ ಸಹಕಿಣ್ವಗಳೊಂದಿಗೆ ಬಂಧ ಏರ್ಪಡಿಸಿಕೊಂಡು ಅವುಗಳ ಕೆಲಸಕ್ಕೆ ಅಡ್ಡಿಯಾಗುತ್ತವೆ. ಇದರಿಂದ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ. ಕೀಟಗಳಿಗೆ ಇದು ಜಠರವಿಷ. ಸೋಂಕಿದ ಮಾತ್ರಕ್ಕೆ ಸಾಯಿಸುವುದಿಲ್ಲ. ಸಂಸ್ಕರಿಸಿದ ಮರವನ್ನು ತಿಂದ ಬಳಿಕ, ಕೆಲವು ದಿನ ಅಥವಾ ವಾರಗಳಲ್ಲಿ ಕೀಟ ಸಾಯುತ್ತದೆ. ಕೆಲವು ಜಾತಿಯ ಗೆದ್ದಲುಗಳಲ್ಲಿ ಮರದ ಸೆಲ್ಯುಲೋಸನ್ನು ಜೀರ್ಣಿಸಲು ನೆರವಾಗುವ ಕರುಳಿನ ಸೂಕ್ಷ್ಮಜೀವಿಗಳೂ ಬೋರೇಟಿನಿಂದ ನಾಶವಾಗುತ್ತವೆ. ಹೀಗೆ ನಿಧಾನವಾಗಿ ಕೆಲಸ ಮಾಡುವುದರಿಂದ ಸಂಸ್ಕರಿಸಿದ ಮರದ ಮೇಲೆಯೂ ಆರಂಭದಲ್ಲಿ ಮೇಲ್ಪದರದ ಕಚ್ಚುಗಳು ಕಾಣಬಹುದು.

ಮರದೊಳಗೆ ಬೋರೇಟಿನ ಚಲನೆಯು ವಿಸರಣೆಯ ಮೂಲಕ ನಡೆಯುತ್ತದೆ. ಲವಣವು ಸಾಂದ್ರತೆ ಹೆಚ್ಚಿರುವ ಮೇಲ್ಮೈಯಿಂದ ಕಡಿಮೆಯಿರುವ ಒಳಭಾಗಕ್ಕೆ, ಮರದಲ್ಲಿರುವ ನೀರನ್ನೇ ದಾರಿಯಾಗಿಸಿಕೊಂಡು ಸಾಗುತ್ತದೆ. ಹೊಸದಾಗಿ ಕೊಯ್ದ ಹಸಿಮರವು ಇದಕ್ಕೆ ಅತ್ಯಂತ ಅನುಕೂಲ. ಪೂರ್ಣ ಒಣಗಿದ ಮರದಲ್ಲಿ ಲವಣವು ಮೇಲ್ಪದರದಲ್ಲೇ ಉಳಿಯುತ್ತದೆ.

ಸಂಸ್ಕರಣೆಯ ವಿಧಾನಗಳು

ಅದ್ದಿ ವಿಸರಣೆಗೆ ಬಿಡುವುದು: ಹಸಿ ಹಲಗೆಗಳನ್ನು ಗಾಢ ದ್ರಾವಣದಲ್ಲಿ ಅದ್ದಿ ತೆಗೆದು, ಒತ್ತಾಗಿ ಜೋಡಿಸಿ, ಒಣಗದಂತೆ ಹೊದಿಕೆ ಹಾಕಿಡಲಾಗುತ್ತದೆ. 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳ ಕಾಲ ಎಂಬುದು ಬಳಕೆಯಲ್ಲಿರುವ ಲೆಕ್ಕ.

ಒತ್ತಡ ಸಂಸ್ಕರಣೆ: ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಮರವನ್ನಿಟ್ಟು, ಗಾಳಿಯನ್ನು ಹೊರತೆಗೆದು, ದ್ರಾವಣವನ್ನು ಒತ್ತಡದಿಂದ ತುಂಬಲಾಗುತ್ತದೆ. ಪೀಠೋಪಕರಣಗಳಿಗೆ ಬಳಸುವ ರಬ್ಬರ್ ಮರವನ್ನು ಸಾಮಾನ್ಯವಾಗಿ ಹೀಗೆ ಸಂಸ್ಕರಿಸಲಾಗುತ್ತದೆ.

ನೆನೆಹಾಕುವುದು: ಬಿದಿರಿನ ಗೆಣ್ಣುಗಳ ಒಳತಡಿಕೆಗಳನ್ನು ಕಬ್ಬಿಣದ ಸರಳಿನಿಂದ ತೂತು ಮಾಡಿ, ಕೆಲವು ದಿನ ದ್ರಾವಣದಲ್ಲಿ ನೆನೆಸಲಾಗುತ್ತದೆ. ಬಿದಿರನ್ನು ಕೆರೆ ಅಥವಾ ಹೊಳೆಯ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುವ ಹಳೆಯ ಪದ್ಧತಿಯು ಅದರ ಪಿಷ್ಟವನ್ನು ಕಡಿಮೆ ಮಾಡುತ್ತದೆ. ಬೋರೇಟಿನಲ್ಲಿ ನೆನೆಸಿದಾಗ ಸಂರಕ್ಷಕವೂ ಒಳಸೇರುತ್ತದೆ.

ಬಳಿಯುವುದು ಮತ್ತು ಸಿಂಪಡಿಸುವುದು: ಈಗಾಗಲೇ ಕಟ್ಟಿದ ಮನೆಯ ತೊಲೆ, ಪಕಾಸು, ರೀಪು, ಬಾಗಿಲಿನ ದಾರಂದಗಳಿಗೆ ಅನುಸರಿಸಬಹುದಾದ ವಿಧಾನ. ಒಣಮರಕ್ಕೆ ಗ್ಲೈಕಾಲ್ ಬೆರೆಸಿದ ದ್ರಾವಣವನ್ನೂ ಬಳಸಲಾಗುತ್ತದೆ. ಅದು ಬೇಗ ಒಣಗದ ಕಾರಣ ಲವಣ ಒಳಗಿಳಿಯಲು ಹೆಚ್ಚು ಸಮಯ ಸಿಗುತ್ತದೆ.

ಬೋರೇಟ್ ಕಡ್ಡಿಗಳು: ಕರಗಿಸಿ ಗಾಜಿನಂತೆ ಗಟ್ಟಿಯಾಗಿಸಿದ ಕಡ್ಡಿಗಳನ್ನು, ತೇವ ತಗಲುವ ಜಾಗದಲ್ಲಿ ರಂಧ್ರ ಕೊರೆದು ಇಡಲಾಗುತ್ತದೆ. ಮರ ಒದ್ದೆಯಾದಾಗ ಮಾತ್ರ ಕಡ್ಡಿಯು ಕರಗಿ ಸುತ್ತಲೂ ಹರಡುತ್ತದೆ.

ಮನೆಯ ಮರಕ್ಕೆ ಬಳಿಯುವ ಕ್ರಮ

ಬಣ್ಣ, ವಾರ್ನಿಷ್ ಅಥವಾ ಪಾಲಿಷ್ ಇರುವ ಮರದೊಳಕ್ಕೆ ದ್ರಾವಣವು ಇಳಿಯುವುದಿಲ್ಲ. ಆದ್ದರಿಂದ ಮೊದಲು ಅವನ್ನು ಉಜ್ಜಿ ತೆಗೆಯಬೇಕಾಗುತ್ತದೆ. 5 ಲೀಟರ್ ಬಿಸಿನೀರಿನಲ್ಲಿ 300 ಗ್ರಾಂ ಬೋರಾಕ್ಸ್ ಮತ್ತು 200 ಗ್ರಾಂ ಬೋರಿಕ್ ಆಮ್ಲವನ್ನು ಕರಗಿಸಿದರೆ, ಸುಮಾರು 6% ಆಕ್ಟಾಬೋರೇಟಿಗೆ ಸಮನಾದ ದ್ರಾವಣ ದೊರೆಯುತ್ತದೆ. ಒಂದು ಲೀಟರ್ ದ್ರಾವಣವನ್ನು ಸುಮಾರು 5 ಚದರ ಮೀಟರ್ ಮೇಲ್ಮೈಗೆ ಒಂದು ಸಲ ಬಳಿಯಬಹುದು. ಎರಡು ಅಥವಾ ಮೂರು ಸಲ ಬಳಿಯುವುದು ರೂಢಿ. ಮರದ ಅಡ್ಡಕೊಯ್ತದ ತುದಿಗಳು, ಕೀಲುಗಳು, ಬಿರುಕುಗಳು ಮತ್ತು ಗೋಡೆಯೊಳಕ್ಕೆ ಸೇರುವ ಭಾಗಗಳಿಗೆ ಹೆಚ್ಚು ದ್ರಾವಣ ಬೇಕಾಗುತ್ತದೆ. ಒಣಗಿದ ಬಳಿಕ ಮೇಲೆ ಕಾಣುವ ಬಿಳಿ ಹರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಂತರ ವಾರ್ನಿಷ್ ಅಥವಾ ಬಣ್ಣ ಹಚ್ಚಲಾಗುತ್ತದೆ.

ಹೀಗೆ ಬಳಿದ ಮರಕ್ಕೆ ಎಷ್ಟು ರಕ್ಷಣೆ ದೊರೆಯುತ್ತದೆ ಎಂಬುದು ಅದರ ದಪ್ಪವನ್ನು ಅವಲಂಬಿಸಿದೆ. ಅಮೆರಿಕದ ಮರ ಸಂರಕ್ಷಣಾ ಮಾನದಂಡದಂತೆ, ಸಾಮಾನ್ಯ ಗೆದ್ದಲುಗಳ ವಿರುದ್ಧ ಒಂದು ಘನಮೀಟರ್ ಮರದಲ್ಲಿ 2.7 ಕಿಲೋಗ್ರಾಂ, ಹೆಚ್ಚು ವಿನಾಶಕಾರಿಯಾದ ಫಾರ್ಮೋಸಾ ಗೆದ್ದಲಿನ ವಿರುದ್ಧ 4.5 ಕಿಲೋಗ್ರಾಂ ಬೋರಾನ್ ಆಕ್ಸೈಡ್ ಇರಬೇಕು. ಮೇಲಿನ ದ್ರಾವಣವನ್ನು ಮೂರು ಸಲ ಬಳಿದಾಗ ಪ್ರತಿ ಚದರ ಮೀಟರಿಗೆ ಸುಮಾರು 24 ಗ್ರಾಂ ಬೋರಾನ್ ಆಕ್ಸೈಡ್ ಸೇರುತ್ತದೆ. 25 ಮಿಲಿಮೀಟರ್ ದಪ್ಪದ ಹಲಗೆಯ ಎರಡೂ ಮುಖಗಳಿಗೆ ಬಳಿದರೆ ಇದು ಘನಮೀಟರಿಗೆ ಸುಮಾರು 1.9 ಕಿಲೋಗ್ರಾಂ ಆಗುತ್ತದೆ. 10 ಸೆಂಟಿಮೀಟರ್ ಚಚ್ಚೌಕದ ತೊಲೆಯ ನಾಲ್ಕೂ ಮುಖಗಳಿಗೆ ಬಳಿದರೂ ಸುಮಾರು 1 ಕಿಲೋಗ್ರಾಂ ಮಾತ್ರ ಆಗುತ್ತದೆ. ಅಂದರೆ ಬಳಿದ ತೊಲೆಗೆ ಹೊರಪದರದ ರಕ್ಷಣೆ ಇರುತ್ತದೆಯೇ ಹೊರತು ತಿರುಳಿನವರೆಗಿನ ರಕ್ಷಣೆ ಇರುವುದಿಲ್ಲ. ಹೊಸ ಮರಮುಟ್ಟುಗಳನ್ನು ಜೋಡಿಸುವ ಮೊದಲೇ ನೆನೆಸುವುದು ಅಥವಾ ಒತ್ತಡದಲ್ಲಿ ಸಂಸ್ಕರಿಸುವುದು ಇದಕ್ಕಿಂತ ಉತ್ತಮ.

ಅರಿಶಿನದ ಪರೀಕ್ಷೆ

ಮರದಲ್ಲಿ ಬೋರಾನ್ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಅರಿಶಿನದ ವರ್ಣದ್ರವ್ಯವಾದ ಕರ್ಕ್ಯುಮಿನ್ ಅನ್ನು ಬಳಸಲಾಗುತ್ತದೆ. ಮರವನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಮುಖಕ್ಕೆ ಅರಿಶಿನವನ್ನು ಆಲ್ಕೋಹಾಲಿನಲ್ಲಿ ಕರಗಿಸಿದ ದ್ರಾವಣವನ್ನು ಹಚ್ಚಿ ಒಣಗಿಸಲಾಗುತ್ತದೆ. ಅದರ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲಗಳಿರುವ ಎರಡನೆಯ ದ್ರಾವಣವನ್ನು ಹಚ್ಚಿದಾಗ, ಬೋರಾನ್ ಇರುವ ಭಾಗ ಕೆಂಪಾಗುತ್ತದೆ. ಇಲ್ಲದ ಭಾಗ ಹಳದಿಯಾಗಿಯೇ ಉಳಿಯುತ್ತದೆ. ಪ್ರಬಲ ಆಮ್ಲದ ಬಳಕೆ ಇರುವುದರಿಂದ ಇದನ್ನು ಪ್ರಯೋಗಾಲಯದಲ್ಲಿ ಮಾಡಲಾಗುತ್ತದೆ.

ನ್ಯೂಜಿಲೆಂಡಿನ ಅನುಭವ

ಬೋರೇಟಿನ ಉಪಯೋಗ ಮತ್ತು ಮಿತಿ ಎರಡನ್ನೂ ನ್ಯೂಜಿಲೆಂಡಿನ ಇತಿಹಾಸ ತೋರಿಸುತ್ತದೆ. ಅಲ್ಲಿನ ಮನೆಗಳ ಚೌಕಟ್ಟಿಗೆ ಬಳಸುವ ರೇಡಿಯಾಟಾ ಪೈನ್ ಮರವು ಬಾಳಿಕೆ ಬರುವಂಥದ್ದಲ್ಲ. 1950ರ ದಶಕದಿಂದ ಅದನ್ನು ಮರಕೊರಕ ಹುಳುಗಳ ವಿರುದ್ಧ ಬೋರಾನಿನಿಂದ ಸಂಸ್ಕರಿಸುವ ಪದ್ಧತಿ ವ್ಯಾಪಕವಾಯಿತು. 1990ರ ದಶಕದ ಕೊನೆಯ ವೇಳೆಗೆ, ಬಟ್ಟಿಯಲ್ಲಿ ಒಣಗಿಸಿದ ಮರವನ್ನು ಸಂಸ್ಕರಿಸದೆಯೇ ಬಳಸಲು ಅನುಮತಿ ದೊರೆಯಿತು. ಒಣಮರ ಒಣಗಿಯೇ ಇರುತ್ತದೆ ಎಂಬುದು ಇದರ ಹಿಂದಿದ್ದ ಎಣಿಕೆ.

ಅದೇ ಕಾಲದಲ್ಲಿ ಸೂರಿನ ಚಾಚು ಇಲ್ಲದ, ಹೊರಗೋಡೆಗೆ ಒಂದೇ ಪದರದ ಗಾರೆಯ ಹೊದಿಕೆಯಿದ್ದ ಮನೆಗಳು ಹೆಚ್ಚಾದವು. ಬಿರುಕುಗಳಿಂದ ಒಳಹೊಕ್ಕ ಮಳೆನೀರು ಹೊರಬರಲು ದಾರಿಯಿಲ್ಲದೆ ಗೋಡೆಯೊಳಗಿನ ಮರಗಳು ಕೊಳೆತವು. 2004ರಲ್ಲಿ ಚೌಕಟ್ಟಿನ ಮರಗಳಿಗೆ ಸಂಸ್ಕರಣೆಯ ನಿಯಮ ಮತ್ತೆ ಬಂದಿತು. 2009ರ ಅಂದಾಜಿನಂತೆ ಸುಮಾರು 42,000 ಮನೆಗಳು ಹಾನಿಗೊಳಗಾಗಿದ್ದು, ಒಟ್ಟು ವೆಚ್ಚ 1,130 ಕೋಟಿ ನ್ಯೂಜಿಲೆಂಡ್ ಡಾಲರ್‌ಗಳಷ್ಟಿತ್ತು. ನೀರು ಸೋರಿದ್ದು ಮನೆಗಳ ವಿನ್ಯಾಸ ಮತ್ತು ನಿರ್ಮಾಣದ ದೋಷದಿಂದ. ಬೋರೇಟ್ ಇದ್ದಿದ್ದರೂ ಸೋರಿಕೆ ನಿಲ್ಲುತ್ತಿರಲಿಲ್ಲ. ಆದರೆ ಕೊಳೆತ ನಿಧಾನವಾಗಿ, ದೋಷವನ್ನು ಕಂಡುಹಿಡಿದು ಸರಿಪಡಿಸಲು ಕಾಲಾವಕಾಶ ಸಿಗುತ್ತಿತ್ತು.

ಭಾರತದಲ್ಲಿ ಬಳಕೆ

ಭಾರತೀಯ ಮಾನಕ ಬ್ಯೂರೋದ ಐ.ಎಸ್. 401 ಸಂಖ್ಯೆಯ ಸಂಹಿತೆಯು ಮರದ ಸಂರಕ್ಷಣೆಗೆ ಸಂಬಂಧಿಸಿದ್ದು, ಬೋರಿಕ್ ಆಮ್ಲ ಮತ್ತು ಬೋರಾಕ್ಸ್‌ಗಳನ್ನು ನೀರಿನಲ್ಲಿ ತೊಳೆದುಹೋಗುವ ಬಗೆಯ ಸಂರಕ್ಷಕಗಳಾಗಿ ಪರಿಗಣಿಸುತ್ತದೆ. ಕಟ್ಟಡಗಳ ಗೆದ್ದಲು ನಿವಾರಣೆಗೆ ಐ.ಎಸ್. 6313 ಸಂಹಿತೆಯಿದೆ. ಹೊರಾಂಗಣದ ಮರಗಳಿಗಾಗಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಇರುವ, ಮರದಲ್ಲಿ ಸ್ಥಿರವಾಗಿ ನಿಲ್ಲುವ ಸಂರಕ್ಷಕವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ರೂಪಿಸಿದರು. ಆರ್ಸೆನಿಕ್ ವಿಷಕಾರಿಯಾದ್ದರಿಂದ ಮನೆಯ ಒಳಗಿನ ಮರಗಳಿಗೆ ಅದಕ್ಕಿಂತ ಬೋರೇಟ್ ಸೂಕ್ತ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಮರದ ಬಾಳಿಕೆ ಮತ್ತು ಸಂರಕ್ಷಣೆಯ ಬಗ್ಗೆ ಸಂಶೋಧನೆ ನಡೆಸುತ್ತದೆ.

ಕರ್ನಾಟಕದ ಹಳೆಯ ಮನೆಗಳಲ್ಲಿ ಕಂಬದ ಬುಡಕ್ಕೆ ಕಲ್ಲು ಕೊಡುವುದು, ಸೂರನ್ನು ಉದ್ದಕ್ಕೆ ಇಳಿಬಿಡುವುದು, ಕರಾವಳಿಯಲ್ಲಿ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಮೊದಲಾದ ಕ್ರಮಗಳಿದ್ದವು. ಇವುಗಳಲ್ಲಿ ಮೊದಲ ಎರಡು ಮರವನ್ನು ನೆಲದಿಂದಲೂ ಮಳೆಯಿಂದಲೂ ದೂರವಿಡುತ್ತವೆ. ಬೋರೇಟ್ ಬಳಸಿದರೂ ಇವುಗಳ ಅಗತ್ಯ ತಪ್ಪುವುದಿಲ್ಲ.

ಮಿತಿಗಳು

ನೆಲದಲ್ಲಿ ಹೂಳುವ ಬೇಲಿಕಂಬ, ತೆರೆದ ಅಂಗಳದ ಮರ, ಸದಾ ಒದ್ದೆಯಾಗುವ ಬಚ್ಚಲುಮನೆಯ ದಾರಂದದ ಬುಡ ಮುಂತಾದ ಕಡೆ ಬೋರೇಟ್ ಒಂದೇ ಸಾಲದು. ಅದು ತಾನು ಸೇರಿದ ಮರವನ್ನು ಮಾತ್ರ ಕಾಪಾಡುತ್ತದೆ. ನೆಲದ ಗೆದ್ದಲು ಸಂಸ್ಕರಿಸಿದ ತೊಲೆಯ ಮೇಲೆಯೇ ಮಣ್ಣಿನ ಸುರಂಗ ಕಟ್ಟಿಕೊಂಡು, ಅದರಾಚೆಯ ಸಂಸ್ಕರಿಸದ ಮರ ಅಥವಾ ಪುಸ್ತಕಗಳನ್ನು ತಲುಪಬಲ್ಲದು. ಮಣ್ಣಿನಲ್ಲಿ ಗೂಡು ಇರುವಲ್ಲಿ ನೆಲದ ಉಪಚಾರವೂ ಬೇಕಾಗುತ್ತದೆ. ಈಗಾಗಲೇ ಟೊಳ್ಳಾದ ಅಥವಾ ಲಡ್ಡಾದ ಮರಕ್ಕೆ ಬೋರೇಟ್ ಬಲವನ್ನು ಮರಳಿಸುವುದಿಲ್ಲ. ಭಾರ ಹೊರುವ ಇಂತಹ ಮರವನ್ನು ಬದಲಿಸಬೇಕಾಗುತ್ತದೆ.

ಸುರಕ್ಷತೆ

ಒಣಗಿದ ಸಂಸ್ಕರಿತ ಮರದಿಂದ ಮನೆಯವರಿಗೆ ಆಗಬಹುದಾದ ಅಪಾಯ ಕಡಿಮೆ. ಆದರೆ ಪುಡಿ ಮತ್ತು ದ್ರಾವಣ ನಿರಪಾಯವಲ್ಲ. ಬೋರಿಕ್ ಆಮ್ಲವನ್ನು ನುಂಗಿದ ಶಿಶುಗಳು ಸಾವನ್ನಪ್ಪಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಪ್ರಾಣಿಗಳ ಮೇಲೆ ಹೆಚ್ಚಿನ ಪ್ರಮಾಣದಲ್ಲಿ ನಡೆಸಿದ ಪ್ರಯೋಗಗಳ ಆಧಾರದ ಮೇಲೆ ಐರೋಪ್ಯ ಒಕ್ಕೂಟವು ಅದನ್ನು ಸಂತಾನೋತ್ಪತ್ತಿಗೆ ಹಾನಿಕಾರಕವಾದ ವಸ್ತುಗಳ ವರ್ಗದಲ್ಲಿ ಸೇರಿಸಿದೆ. ಆದ್ದರಿಂದ ಬಳಿಯುವಾಗ ಕೈಗವಸು, ಕನ್ನಡಕ ಹಾಗೂ ಮುಖಗವಸು ಧರಿಸಬೇಕು. ಗರ್ಭಿಣಿಯರು ಮತ್ತು ಗಾಯವಿರುವವರು ಈ ಕೆಲಸದಿಂದ ದೂರವಿರಬೇಕು. ಪುಡಿಯು ಉಪ್ಪು, ಸಕ್ಕರೆಗಳಂತೆ ಕಾಣುವುದರಿಂದ ಅದನ್ನು ಅಡುಗೆಮನೆಯಲ್ಲಾಗಲಿ ಮಕ್ಕಳ ಕೈಗೆಟಕುವಲ್ಲಾಗಲಿ ಇಡಬಾರದು. ಈಳಿಗೆಮಣೆ, ಚಪಾತಿ ಮಣೆ, ಸೌಟು ಮುಂತಾದ ಆಹಾರ ತಾಗುವ ಮರದ ವಸ್ತುಗಳಿಗೆ ಇದನ್ನು ಬಳಿಯಬಾರದು.

ಬೋರಾನ್ ಸಸ್ಯಗಳಿಗೆ ಅಗತ್ಯವಾದ ಸೂಕ್ಷ್ಮಪೋಷಕ. ಅದರ ಕೊರತೆಯಿರುವ ತೆಂಗಿನ ಮರಗಳಿಗೆ ರೈತರು ಬೋರಾಕ್ಸ್ ಹಾಕುವುದುಂಟು. ಆದರೆ ಅಗತ್ಯಕ್ಕೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಉಳಿದ ದ್ರಾವಣವನ್ನು ಗಿಡಗಳ ಬುಡಕ್ಕೆ ಅಥವಾ ಬಾವಿ, ಕೆರೆಗಳ ಬಳಿ ಚೆಲ್ಲಿದರೆ ಸಸ್ಯಗಳಿಗೂ ನೀರಿಗೂ ಹಾನಿಯಾಗುತ್ತದೆ. ಬೇಕಾದಷ್ಟೇ ದ್ರಾವಣವನ್ನು ತಯಾರಿಸಿ, ಉಳಿದುದನ್ನು ಮತ್ತೆ ಮರಕ್ಕೇ ಬಳಿದು ಮುಗಿಸುವುದು ಉತ್ತಮ.