ತಾರಸಿ ನೀರು ವರ್ಷಪೂರ್ತಿ ಸಾಕಾಗುತ್ತಾ?



ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ನಮ್ಮ ಮನೆ ತಾರಸಿ ಮೇಲೆ ಬಿದ್ದ ಹನಿಗಳು ಎಷ್ಟು ಕೊಡ ಆಗ್ತವೆ ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ?

ನಮ್ಮ ಪಾವಗಡ ತಾಲ್ಲೂಕಿನ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ನೆಲದೊಳಗಿನ ಕಲ್ಲಿನಿಂದ ಕರಗಿ ನೀರಿಗೆ ಸೇರುತ್ತದೆ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು. ದಾಟಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಎಷ್ಟು ಉಜ್ಜಿದರೂ ಹೋಗಲ್ಲ, ಯಾಕಂದರೆ ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಅದು ಕೆಟ್ಟಿರುತ್ತದೆ. ಬಹಳ ವರ್ಷ ಕುಡಿದರೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಗ್ಗುತ್ತದೆ. ಕಾಯಿಸಿ ಕುಡಿದರೆ ಆಯ್ತು ಅಂತ ಕೆಲವರು ಹೇಳ್ತಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಮಳೆ ನೀರನ್ನು ನೆಲಕ್ಕೆ ಇಳಿಯುವ ಮೊದಲೇ ಹಿಡಿದರೆ ಈ ತೊಂದರೆ ಇಲ್ಲ.

ಈಗ ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 8 ಮೀಟರ್ ಉದ್ದ, 5 ಮೀಟರ್ ಅಗಲದ ತಾರಸಿ ಎಂದರೆ 40 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಅಂತ ಹಿಡಿದರೆ 20,000 ಲೀಟರ್. ಚೆಲ್ಲಿ, ಆರಿ ಐದರಲ್ಲಿ ಒಂದು ಪಾಲು ಹೋದರೂ 16,000 ಲೀಟರ್ ಉಳೀತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಅಂದರೆ ವರ್ಷಕ್ಕೆ 14,600 ಲೀಟರ್. ಸಾಕಾಯ್ತಲ್ಲ! ಸ್ನಾನಕ್ಕೆ, ದನಕ್ಕೆ ಮಾತ್ರ ಬೋರಿನ ನೀರೇ ಬೇಕು.

ಮಾಡುವ ವಿಧಾನ:
1. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ ತೊಳೆಯಬೇಕು. ಮಣ್ಣಿನ ಮಾಳಿಗೆ ನೀರು ಕೆಂಪಗೆ ಬರುತ್ತದೆ, ಅದು ಬೇಡ.
2. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಹಕ್ಕಿ ಹಿಕ್ಕೆ, ದೂಳು ಅದರಲ್ಲೇ ಹೋಗುತ್ತದೆ.
3. ಆಮೇಲಿನ ನೀರನ್ನು ಪೈಪಿನಿಂದ ಜಲ್ಲಿ, ಮರಳು ತುಂಬಿದ ಡ್ರಮ್ಮಿಗೆ ಬಿಟ್ಟು ಸೋಸಿ ತೊಟ್ಟಿಗೆ ತುಂಬಬೇಕು.
4. ತೊಟ್ಟಿಗೆ ಬಿಸಿಲು ಬಿದ್ದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಅದಕ್ಕೇ ಗಟ್ಟಿ ಮುಚ್ಚಳ ಬೇಕು.
5. ಈ ನೀರನ್ನೂ ಕಾಯಿಸಿಯೇ ಕುಡಿಯಬೇಕು.

ಇಷ್ಟು ಸುಲಭ ಇದ್ದರೂ ಎಲ್ಲರೂ ಯಾಕೆ ಮಾಡಲ್ಲ? ನಮ್ಮ ರಾಜ್ಯದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಾಗ ರೈತರು ಸಹಾಯಧನದಿಂದ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದರು. ಶೇಂಗಾ ಒಣಗುವುದು ಹದಿನೈದು ದಿನಕ್ಕೇ ಕಣ್ಣಿಗೆ ಕಾಣ್ತದೆ. ಆದರೆ ಮೂಳೆ ಕೆಡುವುದು ಎಷ್ಟೋ ವರ್ಷಕ್ಕೆ ಗೊತ್ತಾಗುತ್ತದೆ. ಅದಕ್ಕೇ ಹೊಲದ ಹೊಂಡಕ್ಕೆ ಇರುವ ಆಸೆ ಮನೆ ತೊಟ್ಟಿಗೆ ಇಲ್ಲ ಅಂತ ನನಗೆ ಅನಿಸುತ್ತದೆ. ಖರ್ಚೂ ಒಂದು ಕಾರಣ. ಮಳೆ ಇಲ್ಲದ ಎಂಟು ತಿಂಗಳಿಗೆ 10,000 ಲೀಟರ್ ತೊಟ್ಟಿ ಬೇಕು. ಅಂದರೆ ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳ. ಒಂದೇ ಸಲ ಆಗದಿದ್ದರೆ ಒಂದು ಸಿಂಟೆಕ್ಸ್ ಇಟ್ಟು ಶುರು ಮಾಡಿ, ಮನೆಯ ಚಿಕ್ಕ ಮಕ್ಕಳಿಗೆ ಮಾತ್ರ ಆ ನೀರು ಕೊಡಬಹುದು. ಅವರ ಹೊಸ ಹಲ್ಲು ಇನ್ನೂ ಒಳಗೆ ಬೆಳೆಯುತ್ತಾ ಇವೆ.

ಗೆಳೆಯರೇ, ಇವತ್ತು ಸಂಜೆ ನಿಮ್ಮ ತಾರಸಿಯ ಉದ್ದ ಅಗಲ ಅಳೆದು ಲೆಕ್ಕ ಮಾಡಿ, ಮನೆಯವರಿಗೆ ತೋರಿಸಿ.

— 7ನೇ ತರಗತಿ ವಿದ್ಯಾರ್ಥಿನಿ