ಹಿರಿಯರ ಔಷಧಕ್ಕೂ ಒಂದು ವಹಿ ಇರಲಿ

ರಾಯಬಾಗ, ಅಥಣಿಗಳ ರೈತ ಮನೆತನಗಳಲ್ಲಿ ಕಬ್ಬಿನ ತೂಕದ ಚೀಟಿಯನ್ನು ಬಿಲ್ಲು ಕೈಸೇರುವವರೆಗೆ ಜೋಪಾನ ಮಾಡುವುದುಂಟು. ನಿಪ್ಪಾಣಿಯ ತಂಬಾಕಿನ ವ್ಯವಹಾರವೂ ವಹಿಯಿಲ್ಲದೆ ಸಾಗದು. ಆದರೆ ಮನೆಯ ಹಿರಿಯರು ದಿನವೂ ನುಂಗುವ ಗುಳಿಗೆಗಳ ಲೆಕ್ಕವನ್ನು ಮಾತ್ರ ನಾವು ಅವರ ನೆನಪಿಗೇ ಬಿಟ್ಟಿರುತ್ತೇವೆ.

ನಮ್ಮ ಗಡಿಸೀಮೆಯಲ್ಲಿ ಈ ಲೆಕ್ಕದ ಅವಶ್ಯಕತೆ ಇನ್ನೂ ಹೆಚ್ಚು. ಕಾಗವಾಡಕ್ಕೆ ಮಿರಜ ಸಮೀಪ, ನಿಪ್ಪಾಣಿಗೆ ಕೊಲ್ಲಾಪುರ. ಮಿರಜದಲ್ಲಿ ವಿಲಿಯಂ ವಾನ್ಲೆಸ್ ಅವರು 1894ರಷ್ಟು ಹಿಂದೆಯೇ ಆಸ್ಪತ್ರೆ ಸ್ಥಾಪಿಸಿದ್ದರು. ಹೃದಯದ ತೊಂದರೆಗೆ ಮಿರಜ, ಸಕ್ಕರೆ ಕಾಯಿಲೆಗೆ ಬೆಳಗಾವಿ, ಜ್ವರಕ್ಕೆ ಚಿಕ್ಕೋಡಿ ಎಂದು ಅಲೆಯುವ ಹಿರಿಯರ ವಿಷಯದಲ್ಲಿ ಒಬ್ಬ ವೈದ್ಯರು ಬರೆದುದು ಮತ್ತೊಬ್ಬರಿಗೆ ತಿಳಿಯದೆ ಹೋಗಬಹುದು.

ಒಂದೇ ಔಷಧವು ಹಲವು ಕಂಪನಿಗಳ ಹೆಸರಿನಲ್ಲಿ ದೊರೆಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಎರಡು ಹೆಸರಿನಿಂದ ಮನೆಗೆ ಬಂದರೆ ಹಿರಿಯರು ಎರಡನ್ನೂ ಸೇವಿಸುವ ಸಂಭವವುಂಟು. ಒತ್ತಡ ಅತಿಯಾಗಿ ಇಳಿದು, ತಲೆ ತಿರುಗಿ ಬಿದ್ದು, ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿಯಾದೀತು. ಗ್ಲೈಮೆಪಿರೈಡ್ ಇಮ್ಮಡಿಯಾದರೆ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪೀತು. ಮೊಣಕಾಲ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧದೊಡನೆ ಸೇರಿದರೆ ರಕ್ತಸ್ರಾವದ ಭಯವಿದೆ.

ಆದುದರಿಂದ ವಹಿಯಲ್ಲಿ ಕಂಪನಿಯ ಹೆಸರಿಗಿಂತ ಔಷಧದ ಮೂಲ ಹೆಸರು ಮುಖ್ಯ. 2018ರ ಸೆಪ್ಟೆಂಬರಿನಿಂದ ಬಹುತೇಕ ಔಷಧಗಳ ಮೇಲೆ ಇದನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ನಿಯಮವಿದೆ. ಅದರ ಮುಂದೆ ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ನಂತರವೋ, ಯಾವ ವೈದ್ಯರು, ಎಂದು ಆರಂಭ ಎಂಬುದನ್ನು ಬರೆಯಬೇಕು. ವೈದ್ಯರು ನಿಲ್ಲಿಸಿದ ಔಷಧವನ್ನು ಗೆರೆ ಎಳೆದು, ತಾರೀಖು ಹಾಕಬೇಕು. ಒಗ್ಗದ ಔಷಧದ ಹೆಸರು ಮೊದಲ ಪುಟದಲ್ಲಿಯೇ ಇರಲಿ. ಆಯುರ್ವೇದದ ಚೂರ್ಣ, ಕಷಾಯಗಳನ್ನೂ ಬಿಡಬಾರದು. ವಿವರವು ಕನ್ನಡದಲ್ಲಿದ್ದರೂ ಔಷಧದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆದರೆ ಮಿರಜದ ವೈದ್ಯರಿಗೂ ಓದಲು ಬರುತ್ತದೆ. ಶಾಲೆಗೆ ಹೋಗುವ ಮೊಮ್ಮಕ್ಕಳು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು.

ಚೀಟಿಯಲ್ಲಿ ಇರುವುದೇ ಬೇರೆ, ನುಂಗುವುದೇ ಬೇರೆ ಆಗಿರಬಹುದು. ಖರ್ಚಿಗೆ ಅಂಜಿ ಅರ್ಧ ಗುಳಿಗೆ ತೆಗೆದುಕೊಳ್ಳುವ ಅಜ್ಜನೂ, ಹೊಟ್ಟೆ ಉರಿಯುತ್ತದೆಂದು ಬಿಟ್ಟ ಆಯಿಯೂ ಗದರಿದರೆ ನಿಜ ಹೇಳಲಾರರು. ಪ್ರೀತಿಯಿಂದ ಕೇಳಿ, ಇದ್ದುದನ್ನು ಇದ್ದಂತೆ ಬರೆಯಬೇಕು. ಆದರೆ ವಹಿ ನೋಡಿ ಯಾವ ಗುಳಿಗೆಯನ್ನೂ ತಾವಾಗಿಯೇ ನಿಲ್ಲಿಸಬಾರದು. ಸಂಶಯವನ್ನು ವೈದ್ಯರ ಮುಂದಿಡಬೇಕು.

ಹಿರಿಯರ ಸೇವೆಯನ್ನು ದಾಸೋಹವೆಂದು ಭಾವಿಸುವ ನಾವು ವಾರಕ್ಕೆ ಕಾಲು ಗಂಟೆಯನ್ನು ಇದಕ್ಕೆ ಮೀಸಲಿಡೋಣ. ದವಾಖಾನೆಗೆ ಹೊರಟಾಗ ವಹಿಯೂ, ಮನೆಯಲ್ಲಿರುವ ಎಲ್ಲ ಗುಳಿಗೆಗಳೂ ಒಂದೇ ಚೀಲದಲ್ಲಿ ಜೊತೆಗಿರಲಿ.